ಹಿಮ್ಮಡಿ ಜವರಪ್ಪ
ಹುಣಸೂರಿನಿಂದ ಸರಗೂರಿಗೆ ಹೋಗುವ ಬಸ್ಸಿನ ಕಂಡಕ್ಟರ್ ಜವರಪ್ಪನವರು, ಬಸ್ಸು ನಿಲ್ದಾಣದಲ್ಲಿ ನಿಂತರೆ ಸಾಕು, ಫುಟ್‌ಬೋರ್ಡಿನ ಅಂಚಿಗೆ ಮುಂಗಾಲಷ್ಟೇ ಊರಿ, ಕಂಬಿ ಹಿಡಿದು, ಹಿಮ್ಮಡಿಗಳನ್ನು ಮೇಲೆತ್ತಿ, ಕೆಳಗೆ ಮೊಟ್ಟೆ ಇಟ್ಟಿದೆಯೇನೋ ಎಂಬಂತೆ ಮೆಲ್ಲಗೆ ಇಳಿಸುತ್ತಾರೆ. ಮುಂದಿನ ಸೀಟಿನ ಹೆಂಗಸರು ಹದಿನೈದರವರೆಗೆ ಜೋರಾಗಿ ಎಣಿಸುತ್ತಾರೆ. ಹಿಮ್ಮಡಿಯ ಮೇಲಿನ ಹಗ್ಗದಂಥ ನರ ನೊಂದು ಆರು ತಿಂಗಳು ಕುಂಟಿದ್ದ ಜವರಪ್ಪನವರಿಗೆ, ಆಪರೇಷನ್ ಬೇಡ, ಮೆಟ್ಟಿಲ ಮೇಲೆ ಇದನ್ನೇ ಮೂರು ತಿಂಗಳು ಬಿಡದೆ ಮಾಡಿ ಎಂದಿದ್ದರು ಫಿಸಿಯೋ ಮೇಡಂ. ಮನೆಯಲ್ಲಿ ಮೆಟ್ಟಿಲೆಂದರೆ ಹೊಸಿಲೊಂದೇ. ಅದನ್ನು ತುಳಿಯಲು ತಾಯಿ ಬಿಡಲಿಲ್ಲ. ಹಾಗಾಗಿ ಬಸ್ಸೇ ಆಸ್ಪತ್ರೆಯಾಯಿತು. ನೋವು ಹೋದದ್ದೇ ತಡ, ಉಪದೇಶ ಶುರುವಾಯಿತು. ಟಿಕೆಟ್ ಹರಿಯುತ್ತಲೇ, "ಎಣ್ಣೆ ತಿಕ್ಕುದ್ರೆ ಓಗಾಕಿಲ್ಲ ಕಣವ್ವ, ಸುಮ್ನೆ ಮಲಗುದ್ರೂ ಓಗಾಕಿಲ್ಲ. ನಿಧಾನಕ್ಕೆ ಇಳುಸ್ಬೇಕು. ಮೊದಮೊದ್ಲು ಒಸಿ ನೋಯ್ತದೆ, ಎದುರ್ಕೋಬ್ಯಾಡ" ಎನ್ನುತ್ತಾರೆ. ಹಿಮ್ಮಡಿ ಜವರಪ್ಪ ಎಂದು ಜನ ಅಡ್ಡಹೆಸರಿಟ್ಟರೂ ಅವರಿಗೆ ಹಿಗ್ಗು. ಹಿಂದೆ ಇದೇ ಜವರಪ್ಪನವರು, ಮುದುಕರು ಮೆಟ್ಟಿಲಿಗೆ ಒಂದು ಕಾಲಿಡುವಷ್ಟರಲ್ಲಿ "ಬ್ಯಾಗ ಅತ್ತಯ್ಯ" ಎಂದು ಸೀಟಿ ಊದಿಬಿಡುತ್ತಿದ್ದರು. ಈಗ ಡ್ರೈವರ್ ಎಷ್ಟು ಹಾರ್ನ್ ಹೊಡೆದರೂ, ಹತ್ತುವ ಮುದುಕರ ಎರಡನೆಯ ಹಿಮ್ಮಡಿಯೂ ಮೆಟ್ಟಿಲ ಮೇಲೆ ಬರುವವರೆಗೆ ಸೀಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ನಿಂತಿರುತ್ತಾರೆ.