ನಾನು ತಿದ್ದಿದ ‘ಅತಾ’

ನುಡಿಯನ್ನೂ ಅದನ್ನಾಡುವ ನಾಲಗೆಯನ್ನೂ ದಯಪಾಲಿಸಿದ ತಾಯಿ ಶಾರದೆಗೆ ವಂದಿಸಿ ನಿವೇದಿಸುತ್ತೇನೆ — ಎದುರುಮನೆಯ ಮಗುವಿನ ಬಾಯಿಂದ ಅದರ ತಾಯ್ನುಡಿಯ ಒಂದು ಪದವನ್ನು ಕಸಿದುಕೊಂಡವನು ನಾನು. ತಿಳಿಯದೆ ಕಸಿದೆ, ತಿಳಿದ ಮೇಲೂ ಸುಮ್ಮನಿದ್ದೆ.

ಮಲೇಷ್ಯಾದ ಪುಚೊಂಗಿನಲ್ಲಿ ನಮ್ಮ ಎದುರು ಬಾಗಿಲು ಐಗುಲಳದು. ಕಝಾಕಸ್ತಾನದ ಹೆಣ್ಣುಮಗಳು, ಗಂಡನಿಗೆ ಹತ್ತಿರದ ಸೈಬರ್‌ಜಯಾದಲ್ಲಿ ಕೆಲಸ. ಸಂಸ್ಕೃತದೊಡನೆ ಯೌವನದಲ್ಲಿ ರಷ್ಯನ್ ಭಾಷೆಯನ್ನೂ ಕಲಿತಿದ್ದ ನನಗೆ, ಅದನ್ನಾಡಲು ಕೊನೆಗೂ ಒಬ್ಬರು ಸಿಕ್ಕರೆಂಬ ಹಿಗ್ಗು. ಅದು ಅವಳ ತಾಯ್ನುಡಿಯೇ ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ.

ಒಂದು ಸಂಜೆ ಅವಳ ಮಗು ತೈಮೂರ್ ನನ್ನ ಪಂಚೆ ಹಿಡಿದು “ಅತಾ” ಎಂದ. ತೊದಲೆಂದುಕೊಂಡೆ. “ಅತಾ ಅಲ್ಲಪ್ಪ, ದೇದಾ ಅನ್ನು” ಎಂದು, ರಷ್ಯನ್ನರು ಅಜ್ಜನನ್ನು ಕರೆಯುವ ಪದವನ್ನು ಹೇಳಿಕೊಟ್ಟೆ.

“ತಾತಾ, ಬೇಬಿಗೂ ಗ್ರಾಮರ್ ಆ? ಪಾಪ ಲಾ!” ಎಂದು ಇಲ್ಲಿಯವರ ಧಾಟಿಯಲ್ಲಿ ನನ್ನ ಮೊಮ್ಮಗಳು ನಕ್ಕಳು. ಐಗುಲ್ ತಲೆ ತಗ್ಗಿಸಿದಳು — ಹಿರಿಯರನ್ನು ತಿದ್ದುವ ಸ್ವಭಾವ ಅವಳದಲ್ಲ. ಅಂದಿನಿಂದ ಅವಳೂ ನನ್ನನ್ನು ತೋರಿಸಿ “ದೇದಾ” ಎಂದೇ ಹೇಳಿಕೊಟ್ಟಳು.

ಕೆಲವು ವಾರಗಳ ನಂತರ, ಫೋನಿನ ಪರದೆಯಲ್ಲಿ ಊರಿನಲ್ಲಿರುವ ತನ್ನ ತಂದೆಯನ್ನು ಮಗುವಿಗೆ ತೋರಿಸುತ್ತ ಐಗುಲ್ “ಅತಾ, ಅತಾ” ಎನ್ನುವುದು ಕಿವಿಗೆ ಬಿತ್ತು. ಕಝಾಕ್ ನುಡಿಯಲ್ಲಿ ಅದೇ ಅಜ್ಜ! ಮಗು ನನ್ನನ್ನು ಸರಿಯಾಗಿಯೇ ಕರೆದಿತ್ತು. ಆಗಲಾದರೂ ಹೇಳಬಹುದಿತ್ತು — ಪಂಡಿತನೆಂಬ ಹಮ್ಮು ಬಿಡಲಿಲ್ಲ.

ಮಗು ಹೆಜ್ಜೆಯಿಡುವ ಹೊತ್ತಿಗೆ ಐಗುಲಳ ತಾಯಿ ಊರಿನಿಂದ ಬಂದರು. ಮಗುವಿನ ಕಾಲುಗಳಿಗೆ ಕಪ್ಪು ಬಿಳಿ ಹೊಸೆದ ದಾರ ಕಟ್ಟಿ, ಹಿರಿಯರಿಂದ ಅದನ್ನು ಕತ್ತರಿಸಿ ನಡೆಯಲು ಬಿಡುವುದು ಅವರ ಸಂಪ್ರದಾಯ. ಕತ್ತರಿ ನನ್ನ ಕೈಗೆ ಬಂತು.

“ಪರರದ್ದನ್ನು ಎಂದೂ ಕಸಿಯದಿರಲಿ ಅಂತ ಈ ದಾರ,” ಎಂದರು ಆಕೆ, ರಷ್ಯನ್ನಿನಲ್ಲೇ. “ಸೋವಿಯತ್ ಕಾಲ; ನಾನು ಹುಡುಗಿಯಾಗಿದ್ದಾಗ ಬಸ್ಸಿನಲ್ಲಿ ನಮ್ಮ ಭಾಷೆ ಆಡಿದರೆ, ಮನುಷ್ಯರ ಭಾಷೆಯಲ್ಲಿ ಮಾತಾಡು ಅಂತ ರಷ್ಯನ್ನರು ಗದರುತ್ತಿದ್ದರು. ಈಗಲೂ ಅಂಗಡಿಗೆ ಹೋದರೆ ಬಾಯಿಗೆ ಮೊದಲು ಬರುವುದು ರಷ್ಯನ್ನೇ. ಮೊಮ್ಮಗನಾದರೂ…”

ಕತ್ತರಿ ಕೆಳಗಿಟ್ಟೆ. “ಅಮ್ಮಾ, ಕಸಿದವನೇ ನಾನು. ‘ಅತಾ’ ಎಂದ ಬಾಯಿಗೆ ‘ದೇದಾ’ ತುರುಕಿದೆ. ಅರ್ಥ ತಿಳಿದ ಮೇಲೂ ಮುಚ್ಚಿಟ್ಟೆ.”

ಆಕೆ ನನ್ನನ್ನು ನೋಡಿದರು, ಮಗಳನ್ನು ನೋಡಿದರು — ಆಮೇಲೆ ಹೊಟ್ಟೆ ಹಿಡಿದು ನಕ್ಕರು. “ಹಾಗಾದರೆ ಹಿಂದಕ್ಕೆ ಕೊಡಿ! ದಾರ ಕತ್ತರಿಸಿ, ನೀವೇ ಕರೆಯಿರಿ.”

ಕತ್ತರಿಸಿದೆ. ಬಾಗಿಲ ಬಳಿ ಕುಳಿತು ತೋಳು ಚಾಚಿದೆ. “ಅತಾ ಹತ್ರ ಬಾರೋ, ಕಂದಾ!” ತೈಮೂರ್ ಓಲಾಡುತ್ತ ಬಂದು, ಪಂಚೆ ಹಿಡಿದು, ಮನೆ ತುಂಬುವಂತೆ ಕೂಗಿದ — “ದೇದಾ!”

“ತಾತಾ, ನಿಮ್ಮ ಸ್ಟೂಡೆಂಟ್ ಫುಲ್ ಮಾರ್ಕ್ಸ್ ಲಾ!” ಎಂದಳು ಮೊಮ್ಮಗಳು. ಎಲ್ಲರೂ ನಕ್ಕೆವು; ನನ್ನ ಕಣ್ಣು ಮಾತ್ರ ತೇವವಾಗಿತ್ತು.

ಈಗ ದಿನವೂ ಪೂಜೆ ಮುಗಿಸಿ ಎದುರು ಬಾಗಿಲು ತಟ್ಟುತ್ತೇನೆ. ನನ್ನ ಎದೆ ಮುಟ್ಟಿ “ಅತಾ” ಎನ್ನುತ್ತೇನೆ. ಒಮ್ಮೊಮ್ಮೆ ಅವನು “ಅ…” ಎಂದು ನಿಲ್ಲಿಸುತ್ತಾನೆ. ನಾನು ಕಾಯುತ್ತೇನೆ.

ದಾರ ಹೊಸೆದ ಕೈಗಳಿಗೆ, ನನ್ನನ್ನು ಸಹಿಸಿದ ಐಗುಲಳಿಗೆ, ಅಂದು ನಕ್ಕ ಎಲ್ಲರಿಗೆ, ನಡೆದು ಬಂದ ಆ ಪುಟ್ಟ ಪಾದಗಳಿಗೆ ಶುಭವಾಗಲಿ. ಅವರ ನುಡಿ ಅವರ ನಾಲಗೆಯಲ್ಲಿ ಸುಖವಾಗಿ ನೆಲೆಸಲಿ.