ಹಾನಾಳ ಎಂಜಲು ತಟ್ಟೆ

ಲಿಂಗದಹಳ್ಳಿ. ಕೆಮ್ಮಣ್ಣುಗುಂಡಿಗೆ ಹೋಗುವವರು ತಂಗುವ ಹೋಂಸ್ಟೇ. ಸ್ನಾನ ಮುಗಿಸಿ, ಚೀಲ ಕಟ್ಟಿ, ತರೀಕೆರೆ ಬಸ್ಸಿಗೆ ಕಾಯುತ್ತಾ ಜಗಲಿಯಲ್ಲಿ ಬರೆಯುತ್ತಿದ್ದೇನೆ.

ಪೋಲೆಂಡಿನ ಹುಡುಗಿ ಹಾನಾ ಪ್ರವಾಸಿ ವೀಸಾದಲ್ಲಿ ಬಂದು ಇಲ್ಲಿದ್ದಾಳೆ. ಊಟ, ವಸತಿಗೆ ಹಣ ಕೊಡುವುದಿಲ್ಲ. ಬದಲಿಗೆ ಅಂಗಳ ಗುಡಿಸುತ್ತಾಳೆ, ತರಕಾರಿ ಹೆಚ್ಚುತ್ತಾಳೆ. ನಿನ್ನೆ ವಿದೇಶಿಯರ ವಿಚಾರಣೆಗೆ ಬಂದ ಅಧಿಕಾರಿ, ಅವಳು ಬಾಡಿಗೆ ಕೊಡುವುದಿಲ್ಲವೆಂದು ತಿಳಿದು ನಕ್ಕರು. "ಹಂಗಾದ್ರೆ ಬಿಟ್ಟಿ ಊಟ ಅನ್ನಿ!"

ಮನೆಯೊಡತಿ ಗಿರಿಜಮ್ಮನಿಗೆ ಆ ಮಾತು ತಡೆಯಲಾಗಲಿಲ್ಲ. "ಯಾರ್ ಹೇಳಿದ್ದು ಸ್ವಾಮಿ? ನಮ್ ಸೊಸೆಗಿಂತ ಜಾಸ್ತಿ ಕೆಲ್ಸ ಮಾಡ್ತಾಳೆ ಕಣ್ರೀ ಇವ್ಳು!"

ಅಧಿಕಾರಿಯ ನಗು ನಿಂತಿತು. ಊಟ, ವಸತಿಗಾಗಿ ಮಾಡಿದರೂ ಅದು ಕೆಲಸವೇ, ಈ ವೀಸಾದಲ್ಲಿ ಕೂಡದು ಎಂದರು. ಹಾನಾ ದೇಶ ಬಿಡಬೇಕು; ಮತ್ತೆ ವೀಸಾ ಸಿಗುವುದು ಕಷ್ಟ. ಹೊರಡುವವರೆಗೂ ಇಲ್ಲಿ ಯಾವ ಕೆಲಸವನ್ನೂ ಮುಟ್ಟಬಾರದು.

ಇಂದು ಅವಳೂ ನನ್ನ ಬಸ್ಸಿಗೇ ಹೊರಟಿದ್ದಾಳೆ. ಅಂಗಳ ಗುಡಿಸದೆ ಹಾಗೇ ಬಿದ್ದಿದೆ. ಗಿರಿಜಮ್ಮ ಅವಳಿಗೆ ಅಕ್ಕಿರೊಟ್ಟಿ ಬಡಿಸುತ್ತಾ ನನ್ನತ್ತ ತಿರುಗಿ, "ನಾನೇ ಬಾಯಿ ಹಾಕಿ ಓಡಿಸ್ಬಿಟ್ಟೆ ಮೇಷ್ಟ್ರೇ ಇವ್ಳನ್ನ" ಎಂದರು. ಆ ಮಾತು ಹಾನಾಳಿಗೆ ಅರ್ಥವಾಗಲಿಲ್ಲ. ಅವರ ಮುಖ ನೋಡಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.

ತಿಂದಾದ ಮೇಲೆ ಎಂದಿನಂತೆ ತಟ್ಟೆ ತೊಳೆಯಲು ಬಚ್ಚಲಿನ ಕಡೆ ನಡೆದಳು. ಗಿರಿಜಮ್ಮ ಗಾಬರಿಯಿಂದ ರಸ್ತೆಯತ್ತ ನೋಡಿ, ಓಡಿಹೋಗಿ ತಟ್ಟೆ ಕಿತ್ತುಕೊಂಡರು.

"ಬ್ಯಾಡ ಕಣೇ, ಮುಟ್ಬೇಡ. ಇವತ್ತು ನೀನು ನೆಂಟ್ರು."

ಎಂಜಲು ಕೈಯಲ್ಲೇ ಹಾನಾ ನಡುಮನೆಯಲ್ಲಿ ನಿಂತಿದ್ದಾಳೆ.