ಲ್ಯಾಬಿನ ಇಲಿ ಮತ್ತು ನನ್ನ ತಮ್ಮನ ಕೈ

ಕಾಫಿ ಲೋಟವನ್ನು ತುಟಿಯ ಹತ್ತಿರ ತಂದ ನನ್ನ ತಮ್ಮ ಗಂಗಾಧರ ಹಾಗೇ ಕೂತುಬಿಟ್ಟ. ಕೈ ಮೇಲೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ಮುಖವೂ ಅಲುಗಲಿಲ್ಲ. ಹೊನ್ನವಳ್ಳಿಯ ಅವನ ಮನೆಯಲ್ಲಿ ಎದುರಿಗೇ ಕೂತಿದ್ದ ನಾನು ಹೆದರಿಹೋದೆ. ಮಧ್ಯಾಹ್ನದ ಊಟದ ಹೊತ್ತಿಗೆ ಮುನ್ನೂರು ತೆಂಗಿನಕಾಯಿ ಸುಲಿಯುತ್ತಿದ್ದ ಮನುಷ್ಯ ಇವನೇನಾ?

ಹೋದ ವರ್ಷ ಅವನಿಗೆ ಯಾರೂ ಇಲ್ಲದ ಕಡೆ ಮಾತು ಕೇಳಿಸತೊಡಗಿತ್ತು. ತೋಟದಲ್ಲಿ ಯಾರೋ ಬೈಯುತ್ತಾರೆ ಅಂತ ಆ ಕಡೆ ಹೋಗುವುದನ್ನೇ ಬಿಟ್ಟ. ಮನೋವೈದ್ಯರು ಮಾತ್ರೆ ಕೊಟ್ಟರು. ಬೈಗುಳ ನಿಂತಿತು. ನಮಗೆಲ್ಲ ಎಷ್ಟು ಖುಷಿಯೆಂದರೆ, ಮತ್ತೆ ಡಾಕ್ಟರ ಹತ್ತಿರ ಹೋಗುವುದನ್ನೇ ಮರೆತೆವು. (ಹಳೇ ಚೀಟಿ ತೋರಿಸಿದರೆ ಅಂಗಡಿಯಲ್ಲಿ ಮಾತ್ರೆ ಸಿಗುತ್ತಿತ್ತಲ್ಲ!)

"ದಿನಾ ಹಿಂಗೇ ಕಣಕ್ಕ. ಹೆಜ್ಜೆ ಎತ್ತಿಡಕ್ಕೂ ಆಗಲ್ಲ. ನಾಳೆಯಿಂದ ಆ ಮಾತ್ರೇನೇ ನಿಲ್ಲುಸ್ಬುಡ್ತೀನಿ," ಎಂದಳು ಅವನ ಹೆಂಡತಿ ಜಯಮ್ಮ.

ನನ್ನ ಜೊತೆ ಮಗಳು ರೂಪಾ ಬಂದಿದ್ದಳು. ಫಾರ್ಮಸಿ ಕಾಲೇಜಿನಲ್ಲಿ ಎಂ.ಫಾರ್ಮ್ ಓದುತ್ತಾಳೆ. ಮಾವನ ಕೈಯನ್ನೇ ನೋಡುತ್ತಿದ್ದವಳು, "ಅಮ್ಮ, ನಮ್ಮ ಲ್ಯಾಬಲ್ಲಿ ಇಲಿಗಳೂ ಹಿಂಗೇ ಕೂತ್ಬಿಡ್ತವೆ," ಎಂದಳು.

ನನಗೆ ರೇಗಿತು. ಸೋದರಮಾವನನ್ನು ಇಲಿಗೆ ಹೋಲಿಸುವುದಾ?

ಅವಳು ಬಿಡಿಸಿ ಹೇಳಿದಳು. ಇಲಿಯ ಮುಂಗಾಲುಗಳನ್ನು ಒಂದು ಸಣ್ಣ ಕಂಬಿಯ ಮೇಲೆ ಇಟ್ಟರೆ ಅದು ತಕ್ಷಣ ಇಳಿದು ಓಡುತ್ತದೆ. ಇಂಥ ಮಾತ್ರೆಯ ಔಷಧ ಹೆಚ್ಚು ಕೊಟ್ಟಿದ್ದರೆ, ಕಾಲು ಇಟ್ಟ ಜಾಗದಲ್ಲೇ ಇಟ್ಟುಕೊಂಡು ಕೂರುತ್ತದೆ. ಮಿದುಳಿನ ಜೀವಕೋಶಗಳು ಡೋಪಮಿನ್ ಎಂಬ ರಾಸಾಯನಿಕದ ಮೂಲಕ ಸುದ್ದಿ ದಾಟಿಸುತ್ತವೆ. ಔಷಧ ಆ ಸುದ್ದಿಯನ್ನು ತಡೆಯುತ್ತದೆ. ಇಲ್ಲದ ದನಿಗಳು ಅಡಗುವುದು ಅದರಿಂದಲೇ. ಆದರೆ ಕೈಕಾಲು ಆಡಿಸುವ ಕೋಶಗಳಿಗೂ ಅದೇ ಡೋಪಮಿನ್ ಬೇಕು!

"ಹಂಗಾದ್ರೆ ನಿಲ್ಲುಸ್ಬೋದಲ್ವಾ?" ಎಂದಳು ಜಯಮ್ಮ.

"ಬೇಡ ಅತ್ತೆ! ನಾವಾಗೇ ನಿಲ್ಲಿಸಿದ್ರೆ ಆ ಬೈಗುಳ ವಾಪಸ್ ಬರಬಹುದು. ಇವತ್ತೇ ಡಾಕ್ಟರ್ ಹತ್ರ ಹೋಗೋಣ."

ಹೋದೆವು. ಡಾಕ್ಟರು ತಮ್ಮನ ಮೊಣಕೈ ಮಡಿಸಿ, ಬಿಡಿಸಿ ನೋಡಿದರು. ನಡೆಸಿ ನೋಡಿದರು. "ಔಷಧದಿಂದಲೇ ಬಂದಿರೋದು. ಬದಲಾಯಿಸೋಣ. ಇಷ್ಟು ದಿನ ಯಾಕ್ರೀ ಬರಲಿಲ್ಲ?" ಎಂದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಹಳೆಯದನ್ನು ನಿಧಾನವಾಗಿ ಇಳಿಸುತ್ತಾ ಹೊಸದು ಶುರುವಾಯಿತು. ಮೊನ್ನೆ ಭಾನುವಾರ ಹೋದಾಗ ಗಂಗಾಧರ ಮನೆಯಲ್ಲಿರಲಿಲ್ಲ. ತೋಟದಲ್ಲಿ ಒಬ್ಬನೇ ತೆಂಗಿನ ಮಟ್ಟೆ ಎಳೆದು ರಾಶಿ ಹಾಕುತ್ತಿದ್ದ. ಮೊದಲಿನ ವೇಗವಿಲ್ಲ. ಆದರೆ ನನ್ನ ಕಂಡು ನಕ್ಕ. ಎಷ್ಟು ತಿಂಗಳಾಗಿತ್ತು ಆ ನಗು ನೋಡಿ! ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ.

"ಬೈಗುಳ ಏನಾದ್ರೂ ಕೇಳುಸ್ತದಾ?" ಅಂದೆ.

"ಇಲ್ಲ ಕಣಕ್ಕ. ಆವಾಗ ಕೈಕಾಲು ಆಡ್ದಿದ್ದಾಗ್ಲೂ ಒಳಗೊಳಗೆ ಏಳು, ಏಳು ಅಂತ ನಾನೇ ಹೇಳ್ಕತಿದ್ದೆ. ಮೈ ಕೇಳ್ತಿರ್ಲಿಲ್ಲ. ನೀವು ಸೋಮಾರಿ ಅಂದ್ಕತೀರಾ ಅಂತ ಸುಮ್ನಿದ್ದೆ."

ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಅಂತ ಎರಡೆರಡು ಸಲ ಕೇಳುವ ನಾವು, ನುಂಗಿದವರನ್ನು ಹೇಗಿದ್ದೀಯಾ ಅಂತ ಒಂದು ಸಲವಾದರೂ ಕೇಳುತ್ತೇವಾ?